ಐದರಲ್ಲಿ ಒಂದು ಸತ್ತರೆ ಗೊತ್ತಾಗೋದಿಲ್ಲ: ಯಲಬುರ್ಗಾ ಹೊಲದ ಮೇಲೆ ನಮ್ಮ ರಿಮೋಟ್ ವಿಮಾನ

ಹಿಂದೆ ಫ್ಯಾನ್ ಸದ್ದು ಕೇಳಿಸಿದ್ರೆ ಕ್ಷಮಿಸಿ, ಗಂಗಾವತಿಯಲ್ಲಿ ಈಗ ಫ್ಯಾನ್ ಇಲ್ಲದೆ ಕೂತು ಮಾತಾಡೋ ಹಾಗಿಲ್ಲ.

ಇವತ್ತಿನ ವಿಷಯ ಸ್ವಲ್ಪ ಬೇರೆ. ರಿಮೋಟಿನಿಂದ ಹಾರಿಸೋ ದೊಡ್ಡ ಮಾದರಿ ವಿಮಾನಗಳಿಗೆ ಹಾಕೋ ಬಹು ಸಿಲಿಂಡರಿನ ಫೋರ್ ಸ್ಟ್ರೋಕ್ ಇಂಜಿನ್ ಬಗ್ಗೆ ಮಾತಾಡೋಣ. ನಾನು ಓದಿದ್ದು ಬಿ.ಕಾಂ. ಡೆಬಿಟ್ ಕ್ರೆಡಿಟ್ ಬಿಟ್ಟು ಬೇರೇನೂ ಗೊತ್ತಿರದವನು ಇಂಜಿನ್ ಬಗ್ಗೆ ಯಾಕೆ ಮಾತಾಡ್ತಾನೆ ಅಂತ ನೀವು ಕೇಳಬಹುದು. ಕಾರಣ ಇಷ್ಟೇ. ಹೋದ ಫೆಬ್ರವರಿಯಲ್ಲಿ ನನ್ನಿಂದ ಒಂದು ತಪ್ಪಾಯ್ತು. ಆ ತಪ್ಪು ನಿಮಗೆ ಅರ್ಥ ಆಗಬೇಕಾದ್ರೆ ಮೊದಲು ಇಂಜಿನ್ ಅರ್ಥ ಆಗಬೇಕು.

ಕುಷ್ಟಗಿಯಲ್ಲಿ ನನ್ನ ಗೆಳೆಯ ಒಬ್ಬ ಇದ್ದಾನೆ. ಮೋಟರ್ ರಿವೈಂಡಿಂಗ್ ಅಂಗಡಿ ಅವನದು. ಬೋರ್‌ವೆಲ್ ಮೋಟರ್ ಸುಟ್ಟರೆ ಸುತ್ತಲಿನ ಹಳ್ಳಿಯವರು ಅವನ ಹತ್ರಾನೇ ಬರ್ತಾರೆ. ಅಂಗಡಿ ಮುಚ್ಚಿದ ಮೇಲೆ ರಾತ್ರಿ ಹನ್ನೊಂದರ ತನಕ ಮರ, ಅಂಟು, ಬಟ್ಟೆ ಇಟ್ಕೊಂಡು ವಿಮಾನ ಕಟ್ತಾನೆ. ಮೊದಲು ಸಣ್ಣ ಎಲೆಕ್ಟ್ರಿಕ್ ವಿಮಾನ ಕಟ್ಟಿದ. ಆಮೇಲೆ ಒಂದು ಸಿಲಿಂಡರಿನದು. ಮೂರು ವರ್ಷದ ಹಿಂದೆ ಒಂದು ದಿನ ಫೋನ್ ಮಾಡಿ, "ಲೇ, ಹಾರ್ಲೋ ಕಟ್ಟತೀನಿ" ಅಂದ.

ಹಾರ್ಲೋ ಅಂದ್ರೆ ಏನಂತ ನನಗೂ ಗೊತ್ತಿರಲಿಲ್ಲ. ಬೆಂಗಳೂರಿನ ಎಚ್‌ಎಎಲ್ ಶುರುವಾಗಿದ್ದು 1940ರ ಡಿಸೆಂಬರಿನಲ್ಲಿ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಜೊತೆ ಸೇರಿ ಕಟ್ಟಿದ ಕಂಪನಿ ಅದು. ಮರುವರ್ಷ, 1941ರಲ್ಲಿ, ಅಲ್ಲಿಂದ ಹೊರಬಂದ ಮೊದಲ ವಿಮಾನವೇ ಹಾರ್ಲೋ. ವಿನ್ಯಾಸ ಅಮೆರಿಕದ್ದು, ಜೋಡಿಸಿದ್ದು ನಮ್ಮ ಬೆಂಗಳೂರಲ್ಲಿ. ಅದರ ಮೂತಿಯಲ್ಲಿ ಇದ್ದದ್ದು ಏಳು ಸಿಲಿಂಡರಿನ ವಾರ್ನರ್ ರೇಡಿಯಲ್ ಇಂಜಿನ್. ರೇಡಿಯಲ್ ಅಂದ್ರೆ ಸಿಲಿಂಡರುಗಳು ಸಾಲಾಗಿ ನಿಲ್ಲೋದಿಲ್ಲ, ಬಂಡಿ ಗಾಲಿಯ ಅರೆಕಾಲುಗಳ ಹಾಗೆ ಸುತ್ತ ಇರ್ತವೆ. ರೆಕ್ಕೆ ಸುಮಾರು 36 ಅಡಿ. ನನ್ನ ಗೆಳೆಯ ಕಟ್ಟಿದ್ದು ಅದರ ಕಾಲು ಭಾಗ, ಅಂದ್ರೆ ಒಂಬತ್ತು ಅಡಿ ರೆಕ್ಕೆ, ತೂಕ 12 ಕೆ.ಜಿ.

ನಮ್ಮ ಜಿಲ್ಲೆಯಲ್ಲಿ ಗೊಂಬೆ ಅಂದ್ರೆ ಹೊಸದೇನಲ್ಲ. ಕಿನ್ನಾಳದ ಚಿತ್ರಗಾರರು ತಲೆಮಾರುಗಳಿಂದ ಹಗುರ ಮರದಲ್ಲಿ ಗೊಂಬೆ ಮಾಡ್ತಾ ಬಂದಿದ್ದಾರೆ. ಈಚೆಗೆ ಭಾನಾಪುರದ ಹತ್ರ ಆಟಿಕೆ ಕ್ಲಸ್ಟರ್ ಬಂದಿದೆ. ಹಾಗಾಗಿ ಈ ವಿಮಾನ ನೋಡಿದವರೆಲ್ಲ, "ಆಟಗಿ ಸಾಮಾನು ಭಾಳ ದೊಡ್ಡದು ಮಾಡ್ಯಾನ" ಅಂತಾರೆ. ಆದರೆ 12 ಕೆ.ಜಿ. ತೂಕದ ವಸ್ತು, ಮುಂದೆ 20 ಇಂಚಿನ ಪ್ರೊಪೆಲ್ಲರ್ ತಿರುಗಿಸ್ತಾ ಬೈಕಿನ ವೇಗದಲ್ಲಿ ಬಂದ್ರೆ ಅದು ಆಟಿಕೆ ಅಲ್ಲ. ಈ ಮಾತು ನೆನಪಿಟ್ಕೊಳ್ಳಿ.

ಈಗ ಇಂಜಿನ್ ವಿಷಯಕ್ಕೆ ಬರೋಣ. ಹೊಲದಲ್ಲಿ ಹಳೇ ಡೀಸೆಲ್ ಪಂಪ್‌ಸೆಟ್ ಸದ್ದು ಕೇಳಿದವರಿಗೆ ಇದು ಸುಲಭ. ಟುಕ್, ಟುಕ್, ಟುಕ್. ಆ ಎರಡು ಟುಕ್ ನಡುವಿನ ಬಿಡುವೇ ಫೋರ್ ಸ್ಟ್ರೋಕಿನ ಗುಟ್ಟು. ಪಿಸ್ಟನ್ ಒಮ್ಮೆ ಗಾಳಿ ಒಳಗೆ ಎಳೀತದೆ, ಒಮ್ಮೆ ಒತ್ತುತ್ತದೆ, ಒಮ್ಮೆ ಉರಿಯ ಏಟು ತಿನ್ನುತ್ತದೆ, ಒಮ್ಮೆ ಹೊಗೆ ಹೊರಗೆ ಹಾಕ್ತದೆ. ನಾಲ್ಕು ಕೆಲಸಕ್ಕೆ ಕ್ರ್ಯಾಂಕ್ ಎರಡು ಸುತ್ತು ಸುತ್ತಬೇಕು. ಅಂದ್ರೆ ಒಂದು ಸಿಲಿಂಡರ್ ಇದ್ರೆ ಎರಡು ಸುತ್ತಿಗೆ ದುಡಿಮೆಯ ಏಟು ಒಂದೇ. ಉಳಿದ ಮೂರು ಕೆಲಸ ಬರೀ ಖರ್ಚು.

ಪಂಪ್‌ಸೆಟ್ಟಿಗೆ ಭಾರದ ಚಕ್ರ ಇರ್ತದೆ, ನೆಲಕ್ಕೆ ಬೋಲ್ಟ್ ಹಾಕಿರ್ತೀವಿ, ಎಷ್ಟು ಅದುರಿದ್ರೂ ನಡೀತದೆ. ವಿಮಾನದ ಮೈ ತೆಳು ಮರದ್ದು. ಒಂದೇ ದೊಡ್ಡ ಸಿಲಿಂಡರ್ ಹಾಕಿದ್ರೆ ಪ್ರತಿ ಏಟಿಗೂ ಇಡೀ ವಿಮಾನ ನಡುಗ್ತದೆ. ಸ್ಕ್ರೂ ಸಡಿಲ ಆಗ್ತವೆ, ರೆಕ್ಕೆಯ ಸರ್ವೊ ಮೋಟರ್ ಸವೀತವೆ. ಅದಕ್ಕೇ ಏಟುಗಳನ್ನ ಹಂಚೋದು. ಎರಡು ಸಿಲಿಂಡರ್ ಎದುರುಬದುರು ಇಟ್ರೆ ಪ್ರತಿ ಸುತ್ತಿಗೆ ಒಂದು ಏಟು. ಮೂರು ಸಿಲಿಂಡರಿನ ರೇಡಿಯಲ್ ಆದ್ರೆ 240 ಡಿಗ್ರಿಗೆ ಒಂದು. ಐದು ಆದ್ರೆ 144 ಡಿಗ್ರಿಗೆ ಒಂದು. ಐದು ಸಿಲಿಂಡರಿನಲ್ಲಿ ಉರಿ ಹತ್ತೋ ಕ್ರಮ 1, 3, 5, 2, 4. ಒಂದು ಬಿಟ್ಟು ಒಂದು. ಎರಡು ಸುತ್ತಿನಲ್ಲಿ ಎಲ್ಲರ ಪಾಳಿ ಮುಗೀತದೆ. ಫೋರ್ ಸ್ಟ್ರೋಕ್ ರೇಡಿಯಲ್‌ನಲ್ಲಿ ಒಂದು ವೃತ್ತಕ್ಕೆ ಬೆಸ ಸಂಖ್ಯೆಯ ಸಿಲಿಂಡರೇ ಇರೋದು ಇದಕ್ಕೇ. ಸಮ ಸಂಖ್ಯೆ ಇಟ್ರೆ ಒಂದು ಬಿಟ್ಟು ಒಂದು ಹೋಗುವಾಗ ಪಾಳಿ ಸಮನಾಗಿ ಬರೋದಿಲ್ಲ.

ಇಂಥ ಪುಟ್ಟ ಇಂಜಿನ್ ಹೆಚ್ಚಾಗಿ ಹೊರದೇಶದವು. ಜಪಾನಿನ ಓಎಸ್ ಮತ್ತು ಸೈಟೊ ಹೆಸರು ಹವ್ಯಾಸಿಗಳಿಗೆಲ್ಲ ಗೊತ್ತು. ನಮ್ಮ ದೇಶದ್ದೇ ಯುಎಂಎಸ್ ಅಂತ ಒಂದಿದೆ. ಅವರ ಏಳು ಸಿಲಿಂಡರಿನ 77 ಸಿಸಿ ಇಂಜಿನ್ ಅಮೆರಿಕದ ಅಂಗಡಿಗಳಲ್ಲೂ ಮಾರಾಟ ಆಗಿದೆ. ನಮಗೆ ಏಳು ಎಟುಕಲಿಲ್ಲ. ಒಬ್ಬರ ಕೈಯಿಂದ ಇಳಿದ ಐದು ಸಿಲಿಂಡರಿನದು ಸಿಕ್ತು. ಒಳ್ಳೇ ಸೆಕೆಂಡ್ ಹ್ಯಾಂಡ್ ಬೈಕಿನ ಬೆಲೆ. ಅದರಲ್ಲಿ ಅರ್ಧ ದುಡ್ಡು ನನ್ನದು.

ಕಾಮರ್ಸ್ ಓದಿದವನಾಗಿ ಹೇಳ್ತೀನಿ, ಲೆಕ್ಕ ಹಾಕಿದ್ರೆ ಇದು ಪೂರ್ತಿ ನಷ್ಟದ ಬಾಬ್ತು. ಅಷ್ಟೇ ಸಿಸಿಯ ಟೂ ಸ್ಟ್ರೋಕ್ ಇಂಜಿನ್ ಇದಕ್ಕಿಂತ ಹೆಚ್ಚು ಶಕ್ತಿ ಕೊಡ್ತದೆ, ತೂಕ ಕಡಿಮೆ, ಬೆಲೆ ಕಡಿಮೆ. ಎಲೆಕ್ಟ್ರಿಕ್ ಮೋಟರ್ ಹಾಕಿದ್ರೆ ಕೈಗೆ ಎಣ್ಣೆ ಕೂಡ ಹತ್ತೋದಿಲ್ಲ. ಈ ಇಂಜಿನ್ನಿಗೆ ಹತ್ತು ವಾಲ್ವ್, ಹತ್ತು ಪುಶ್ ರಾಡ್, ಐದು ಗ್ಲೋ ಪ್ಲಗ್. ಇಂಧನ ಮೆಥನಾಲ್, ಅದರೊಳಗೇ ಎಣ್ಣೆ ಬೆರೆಸಬೇಕು. ನಮ್ಮಲ್ಲಿ ಔಡಲೆಣ್ಣಿ ಅಂತೀವಲ್ಲ, ಅದನ್ನೂ ಬೆರೆಸ್ತಾರೆ. ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಇಂಜಿನ್ನಿಗೂ ಇದೇ ಔಡಲೆಣ್ಣಿ ಹಾಕ್ತಿದ್ರು. ಮೆಥನಾಲ್ ವಿಷ. ಕೈಗವಸು ಬೇಕು, ಮಕ್ಕಳ ಕೈಗೆ ಸಿಗದ ಜಾಗ ಬೇಕು.

ಹಾಗಾದ್ರೆ ಯಾಕೆ ಬೇಕು? ಸದ್ದಿಗೆ. ದೊಡ್ಡ ಪ್ರೊಪೆಲ್ಲರನ್ನ ನಿಧಾನ ತಿರುಗಿಸ್ತಾ ಅದು ಹೊರಡಿಸೋ ಗುಡುಗು ಬೇರೆ ಯಾವ ಇಂಜಿನ್ನಿಗೂ ಬರೋದಿಲ್ಲ. ನನ್ನ ಪಾಡ್‌ಕ್ಯಾಸ್ಟಿಗೆ ಆ ಸದ್ದು ಬೇಕಿತ್ತು. ಅರ್ಧ ದುಡ್ಡು ಹಾಕಿದ್ದು ಅದಕ್ಕೇ, ಸುಳ್ಳು ಯಾಕೆ ಹೇಳಲಿ.

ಮೊದಲ ಪಾಠ ಕುಷ್ಟಗಿಯ ಅಂಗಡಿಯಲ್ಲೇ ಆಯ್ತು. ರೇಡಿಯಲ್ ಇಂಜಿನ್ ನಿಂತಾಗ ಎಣ್ಣೆ ಇಳಿದು ಕೆಳಗಿನ ಸಿಲಿಂಡರುಗಳಲ್ಲಿ ಕೂಡ್ತದೆ. ಐದರಲ್ಲಿ ಮೂರು ಮತ್ತು ನಾಲ್ಕನೇದು ಕೆಳಗೆ ಇರ್ತವೆ. ಗಾಳಿಯನ್ನ ಒತ್ತಬಹುದು, ಎಣ್ಣೆಯನ್ನ ಒತ್ತೋಕೆ ಆಗಲ್ಲ. ಅಷ್ಟು ಸಣ್ಣ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಸಾಕು, ಪಿಸ್ಟನ್ ಮೇಲೆ ಬರುವಾಗ ಗೋಡೆಗೆ ಗುದ್ದಿದ ಹಾಗೆ. ಇದು ದೊಡ್ಡ ವಿಮಾನಗಳಿಗೂ ಇರೋ ಕಾಟ. ಅದಕ್ಕೇ ಹಳೇ ರೇಡಿಯಲ್ ವಿಮಾನ ಚಾಲೂ ಮಾಡೋ ಮೊದಲು ಪ್ರೊಪೆಲ್ಲರನ್ನ ಕೈಯಿಂದ ತಿರುಗಿಸಿ ನೋಡ್ತಾರೆ. ನಮಗೆ ಅವಸರ. ನೇರ ಸ್ಟಾರ್ಟರ್ ಹಚ್ಚಿದ್ವಿ. ಕಟ್ ಅಂತ ಒಂದು ಸದ್ದು. ಕನೆಕ್ಟಿಂಗ್ ರಾಡ್ ಬಗ್ಗಿತು.

ಗೆಳೆಯ ಇಂಜಿನ್ನನ್ನ ಟವೆಲ್ಲಿನಲ್ಲಿ ಸುತ್ತಿಕೊಂಡು ಗಂಗಾವತಿಗೆ ಬಂದ, ನನ್ನ ಅಪ್ಪನ ಹತ್ರ.

ಅಪ್ಪ ಮೂವತ್ತೈದು ವರ್ಷ ಟ್ರ್ಯಾಕ್ಟರ್, ಪಂಪ್‌ಸೆಟ್, ಭತ್ತ ಕೊಯ್ಯೋ ಯಂತ್ರ ರಿಪೇರಿ ಮಾಡಿದವರು. ಎಡದಂಡೆ ಕಾಲುವೆ ನೀರಿನ ಊರಲ್ಲಿ ಸುಗ್ಗಿ ಬಂದ್ರೆ ಅವರಿಗೆ ನಿದ್ದೆ ಇರಲಿಲ್ಲ. ಈಗ ಕೈ ನಡುಗ್ತದೆ, ಗ್ಯಾರೇಜ್ ಬಾಡಿಗೆಗೆ ಕೊಟ್ಟಿದ್ದಾರೆ. ನಾನು ಸ್ಪ್ಯಾನರ್ ಹಿಡಿಯೋದು ಕಲೀಲಿಲ್ಲ ಅನ್ನೋ ಬೇಸರ ಅವರಿಗೆ ಇತ್ತು, ಬಾಯಿ ಬಿಟ್ಟು ಹೇಳಿದ್ದು ಕಡಿಮೆ. ಆ ಇಂಜಿನ್ನನ್ನ ಅಂಗೈ ಮೇಲೆ ಇಟ್ಕೊಂಡು ಸುಮಾರು ಹೊತ್ತು ನೋಡಿದ್ರು. "ಐದೂ ಐತಿ ಇದಕ್ಕ? ಎಲ್ಲಾ ಒಂದ ಕ್ರ್ಯಾಂಕಿಗೆ?" ಅಂದ್ರು. ಬಿಚ್ಚಿ ತೋರಿಸಿದ್ವಿ. ಒಂದು ದೊಡ್ಡ ಮಾಸ್ಟರ್ ರಾಡ್, ಅದರ ಬುಡಕ್ಕೆ ಉಳಿದ ನಾಲ್ಕು ರಾಡ್ ಸಿಕ್ಕಿಸಿರ್ತಾರೆ. ಅವರ ಮುಖ ಹುಡುಗರ ಮುಖ ಆಯ್ತು.

ಬಿಡಿಭಾಗ ಬರೋಕೆ ಎರಡು ತಿಂಗಳು ಬೇಕಾಯ್ತು. ಅಪ್ಪ ಹೇಳ್ತಾ ಹೋದ್ರು, ಗೆಳೆಯ ಜೋಡಿಸ್ತಾ ಹೋದ, ನಾನು ಟಾರ್ಚ್ ಹಿಡಿದೆ. ವಾಲ್ವಿನ ಸಂದು ಕೂದಲೆಳೆಯಷ್ಟು. ಫೀಲರ್ ಗೇಜ್ ಹಾಕಿ ಹತ್ತಕ್ಕೆ ಹತ್ತೂ ನೋಡಿಸಿದ್ರು. ಇಂಜಿನ್ ಚಾಲೂ ಆದ ಮೇಲೆ ಒಂದು ಲೋಟ ನೀರು ತರಿಸಿ, ಇಂಜಿನ್ನಿನ ಹಿಂದೆ ನಿಂತು, ದೂರದಿಂದ ಒಂದೊಂದು ಸಿಲಿಂಡರಿನ ತಲೆಗೂ ಒಂದೊಂದು ಹನಿ ಬಿಟ್ರು. ನಾಲ್ಕರ ಮೇಲೆ ಚುರ್ ಅಂತು. ಒಂದರ ಮೇಲೆ ನೀರು ಹಾಗೇ ಹರಿದು ಹೋಯ್ತು. "ಇದು ಉರಿಯಾಕತ್ತಿಲ್ಲ" ಅಂದ್ರು. ಪ್ಲಗ್ ಬದಲಿಸಿದ್ವಿ, ಸರಿ ಹೋಯ್ತು.

ನನಗೆ ಆಶ್ಚರ್ಯ ಆಗಿದ್ದು ಬೇರೆ. ಒಂದು ಸಿಲಿಂಡರ್ ಸತ್ತಿದ್ರೂ ಇಂಜಿನ್ ಓಡ್ತಾ ಇತ್ತು! ನನ್ನ ಕಿವಿಗೆ ಏನೂ ಗೊತ್ತಾಗಿರಲಿಲ್ಲ. ನಿಮಿಷಕ್ಕೆ 5,000 ಸುತ್ತು ಅಂದ್ರೆ ಐದು ಸಿಲಿಂಡರ್ ಸೇರಿ 12,500 ಏಟು. ಒಂದು ಹೋದ್ರೆ 10,000. ಒಂದು ಸಿಲಿಂಡರಿನ ಇಂಜಿನ್ ಕೆಟ್ಟರೆ ಅಲ್ಲೇ ನಿಲ್ತದೆ, ಎಲ್ಲರಿಗೂ ಗೊತ್ತಾಗ್ತದೆ. ಐದರಲ್ಲಿ ಒಂದು ಕೆಟ್ಟರೆ ಉಳಿದ ನಾಲ್ಕು ಸೇರಿ ಅದನ್ನ ಮುಚ್ಚಿ ಹಾಕ್ತವೆ. ನಮ್ಮ ಲೆಕ್ಕದ ಭಾಷೆಯಲ್ಲಿ ಹೇಳೋದಾದ್ರೆ, ಐದು ಅಂಗಡಿಯ ಒಟ್ಟು ಲಾಭ ಮಾತ್ರ ನೋಡಿದ್ರೆ ನಷ್ಟದಲ್ಲಿರೋ ಒಂದು ಅಂಗಡಿ ಕಾಣಿಸೋದಿಲ್ಲ.

ಇದನ್ನ ತಿಳ್ಕೊಂಡ ಮೇಲೂ ನಾನು ಮಾಡಿದ್ದು ಏನು ಅನ್ನೋದು ಮುಂದಿನ ಭಾಗ.

ಹಾರಿಸೋಕೆ ಜಾಗ ಹುಡುಕಿದ್ವಿ. ಗಂಗಾವತಿ ಕಡೆ ಗದ್ದೆ, ನೀರು. ಕೊಪ್ಪಳದ ಹತ್ರ ಗಿಣಿಗೇರಾದಲ್ಲಿ ಖಾಸಗಿ ಏರ್‌ಸ್ಟ್ರಿಪ್ ಇದೆ, ಅದರ ಸುತ್ತಮುತ್ತ ಬೇಡ ಅಂತ ಮೊದಲೇ ತೀರ್ಮಾನ. ಕುಷ್ಟಗಿ ಕಡೆ ಗೆಳೆಯ ನೋಡಿದ ಹೊಲದ ಪಕ್ಕ ಗಾಳಿ ಗಿರಣಿ ಮತ್ತು ಲೈನ್ ಕಂಬ. ಕೊನೆಗೆ ಯಲಬುರ್ಗಾ ತಾಲೂಕಿನಲ್ಲಿ ಅವನ ಸಂಬಂಧಿಕರ ಮಸಾರಿ ಹೊಲ ಸಿಕ್ತು. ಎರಿ ನೆಲ ಬೇಸಿಗೆಗೆ ಬಿರುಕು ಬಿಡ್ತದೆ, ಗಾಲಿ ಸಿಕ್ಕಿಕೊಳ್ತದೆ. ಮಸಾರಿ ಗಟ್ಟಿಯಾಗಿ ನಿಲ್ತದೆ. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಅದು ಹಸಿರು ವಲಯ, 400 ಅಡಿ ಎತ್ತರದ ತನಕ ಹಾರಿಸಬಹುದು.

ಆವತ್ತು ಬೆಳಿಗ್ಗೆ ಏಳಕ್ಕೆ ಅಪ್ಪನ್ನೂ ಕರ್ಕೊಂಡು ಹೋದ್ವಿ. ವಿಮಾನ ಏಳುವಾಗ ಬಂದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅಪ್ಪ ಮೇಲೆ ನೋಡ್ತಾ ಇರಲಿಲ್ಲ. ತಲೆ ತಗ್ಗಿಸಿ, ಕಣ್ಣು ಮುಚ್ಚಿ ಕೇಳ್ತಾ ಇದ್ರು. ಮೂರನೇ ಸುತ್ತಿನಲ್ಲಿ ತಲೆ ಎತ್ತಿದ್ರು. "ಒಂದು ಬಿಟ್ಟೈತಿ. ಇಳಸ್ರಿ."

ಗೆಳೆಯ ನನ್ನ ಕಡೆ ನೋಡಿದ. ನನ್ನ ಕೈಯಲ್ಲಿ ರೆಕಾರ್ಡರ್. ಎರಡು ಸುತ್ತು ಗಾಳಿ ಸದ್ದೇ ಜಾಸ್ತಿ ರೆಕಾರ್ಡ್ ಆಗಿತ್ತು. ನಾನು ಅಂದೆ, "ಇನ್ನೊಂದೇ ರೌಂಡ್, ತಲೆ ಮೇಲಿಂದ ಕೆಳಗೆ ತಗೊಂಡು ಬಾ." ಅಪ್ಪನ ಮಾತು ಕೇಳಿಸಿಕೊಂಡೇ ಹಾಗಂದೆ. ಇಂಜಿನ್ ಚೆನ್ನಾಗೇ ಓಡ್ತಾ ಇತ್ತಲ್ಲ!

ಅವನು ತಿರುಗಿಸಿ, ಕೆಳಗೆ ಬರೋಕೆ ಥ್ರಾಟಲ್ ಇಳಿಸಿದ. ಸತ್ತ ಸಿಲಿಂಡರಿನ ಭಾರವನ್ನ ಪೂರ್ತಿ ಥ್ರಾಟಲ್‌ನಲ್ಲಿ ನಾಲ್ಕು ಹೊತ್ತಿದ್ವು. ನಿಧಾನಕ್ಕೆ ತಂದ ತಕ್ಷಣ ಹೊರೋಕೆ ಆಗಲಿಲ್ಲ. ಎರಡು ಸಲ ಕೆಮ್ಮಿ ನಿಂತು ಹೋಯ್ತು. ಅಗಲ ಮೂತಿ, ನಿಂತ ದೊಡ್ಡ ಪ್ರೊಪೆಲ್ಲರ್, ಇಂಥ ವಿಮಾನ ಗರುಡನ ಹಾಗೆ ತೇಲೋದಿಲ್ಲ. ಕಲ್ಲಿನ ಹಾಗೆ ಇಳೀತದೆ. ನಮ್ಮ ಹೊಲ ತಲುಪಲಿಲ್ಲ.

ಪಕ್ಕದ ಹೊಲದಲ್ಲಿ ಕಡಲಿ ಕೀಳೋ ಹೆಣ್ಮಕ್ಕಳು ಏಳೆಂಟು ಜನ. ಇಂಜಿನ್ ಓಡುವಾಗ ಎಲ್ಲರೂ ತಲೆ ಎತ್ತಿ ನೋಡ್ತಾ ಇದ್ರು. ಸದ್ದು ನಿಂತ ಮೇಲೆ ಮುಗೀತು ಅಂತ ಬಗ್ಗಿ ಕೆಲಸಕ್ಕೆ ಹತ್ತಿದ್ರು. ಸದ್ದಿಲ್ಲದ ವಿಮಾನ ಬರೋದು ಯಾರಿಗೂ ಕೇಳಿಸೋದಿಲ್ಲ. ನಾವು ಮೂರೂ ಜನ ಕೂಗಿದ್ವಿ. ಗೆಳೆಯ ಕೈಯಲ್ಲಿ ಉಳಿದಷ್ಟು ಹತೋಟಿಯಲ್ಲಿ ಮೂತಿ ಬದುವಿನ ಕಡೆ ತಿರುಗಿಸಿದ. ಬದುವಿಗೆ ಬಡಿದು ಒಂದು ರೆಕ್ಕೆ ಮುರಿದು ಬಿತ್ತು. ಹತ್ತಿರದ ಹೆಣ್ಮಗಳಿಗೂ ಅದಕ್ಕೂ ನಡುವೆ ನಾನು ಆಮೇಲೆ ಹೆಜ್ಜೆ ಹಾಕಿ ಅಳೆದೆ. ಹದಿನೇಳು ಹೆಜ್ಜೆ.

ಯಾರಿಗೂ ಏನೂ ಆಗಲಿಲ್ಲ. ಒಬ್ಬ ಅಜ್ಜಿ ಬಂದು ಮುರಿದ ರೆಕ್ಕೆ ಎತ್ತಿಕೊಟ್ಟು, "ಪಾಪ, ಭಾಳ ಖರ್ಚ ಆಗಿರಬೇಕು" ಅಂದ್ಲು. ನನಗೆ ಏನು ಉತ್ತರ ಕೊಡಬೇಕು ಅಂತ ತಿಳೀಲಿಲ್ಲ. ಅಪ್ಪ ಬೈಲಿಲ್ಲ. ಇಂಜಿನ್ ಮುಟ್ಟಿ ನೋಡಿ, "ನಾಲ್ಕನೇದು" ಅಂದ್ರು, ಅಷ್ಟೇ. ಕೆಳಗಿನ ಸಿಲಿಂಡರ್, ಪ್ಲಗ್ಗಿಗೆ ಎಣ್ಣೆ ಹಿಡಿದಿತ್ತು.

ಇದು ಹವ್ಯಾಸದ ವಿಷಯ ಮಾತ್ರ ಅಲ್ಲ. ಕುಷ್ಟಗಿಯಿಂದ ಬೆಂಗಳೂರು ಬಸ್ಸು ಹೊಸಪೇಟೆ, ಚಿತ್ರದುರ್ಗ, ಹಿರಿಯೂರು ಮೇಲೆ ಹೋಗ್ತದಲ್ಲ, ಆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲೂಕಿನಲ್ಲಿ ಡಿಆರ್‌ಡಿಒದ ಪರೀಕ್ಷಾ ವಲಯ ಇದೆ. ಅಲ್ಲಿ ಹಾರಿದ ತಪಸ್ ಅನ್ನೋ ಮಾನವರಹಿತ ವಿಮಾನಕ್ಕೆ 20 ಮೀಟರಿಗೂ ಹೆಚ್ಚು ಉದ್ದದ ರೆಕ್ಕೆ. ಅದಕ್ಕೆ ಹಾಕಿದ್ದು ಆಸ್ಟ್ರಿಯಾದ ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್ ಡೀಸೆಲ್ ಇಂಜಿನ್, ಎರಡು. ಮೂಲದಲ್ಲಿ ಮರ್ಸಿಡಿಸ್ ಕಾರಿನ ಇಂಜಿನ್ ಅದು. ಕಡಿಮೆ ಇಂಧನದಲ್ಲಿ ತುಂಬಾ ಹೊತ್ತು ಹಾರಬೇಕು ಅಂದ್ರೆ ಫೋರ್ ಸ್ಟ್ರೋಕೇ ಅನುಕೂಲ. ಅದಕ್ಕೂ ಮೊದಲು 2010ರಲ್ಲಿ ಹೊಸೂರಿನಲ್ಲಿ ಹಾರಿದ ರುಸ್ತುಂ-1ಕ್ಕೂ ನಾಲ್ಕು ಸಿಲಿಂಡರಿನ ಇಂಜಿನ್ನೇ ಇತ್ತು. ತಪಸ್ ಎರಡು ಸಲ ಹೊಲಕ್ಕೆ ಬಿದ್ದಿದೆ. 2019ರ ಸೆಪ್ಟೆಂಬರಿನಲ್ಲಿ ಜೋಡಿಚಿಕ್ಕೇನಹಳ್ಳಿ ಹತ್ರ, 2023ರ ಆಗಸ್ಟಿನಲ್ಲಿ ಹಿರಿಯೂರು ತಾಲೂಕಿನ ವದ್ದಿಕೆರೆ ಹತ್ರ. ಎರಡೂ ಸಲ ಪ್ರಾಣಾಪಾಯ ಆಗಲಿಲ್ಲ. ಆ ವಿಡಿಯೋಗಳನ್ನ ನಾನೂ ನಗ್ತಾ ಶೇರ್ ಮಾಡಿದ್ದೆ. ಈಗ ನಗು ಬರೋದಿಲ್ಲ. ವಿಮಾನ ಯಾವುದೇ ಇರಲಿ, ನಮ್ಮ ಕಡೆ ಅದು ಬೀಳೋದು ಯಾರದೋ ಹೊಲದಲ್ಲಿ, ಯಾರೋ ಬಗ್ಗಿ ಕೆಲಸ ಮಾಡೋ ಜಾಗದಲ್ಲಿ.

ನಿಯಮ ಏನು ಹೇಳ್ತದೆ ಅಂತಾನೂ ಹೇಳಿಬಿಡ್ತೀನಿ. 2021ರ ಡ್ರೋನ್ ನಿಯಮಗಳ ಪ್ರಕಾರ 25 ಕೆ.ಜಿ. ಮೀರದ, ಹವ್ಯಾಸಕ್ಕೋ ಕಲಿಕೆಗೋ ಪರೀಕ್ಷೆಗೋ ಕಣ್ಣಳತೆಯಲ್ಲೇ ಹಾರಿಸೋ ವಿಮಾನ ಮಾದರಿ ವಿಮಾನ ಅನ್ನಿಸಿಕೊಳ್ತದೆ. ಅದಕ್ಕೆ ಟೈಪ್ ಸರ್ಟಿಫಿಕೇಟ್ ಬೇಡ. ಆದರೆ 2 ಕೆ.ಜಿ. ದಾಟಿದ್ರೆ ಹಾರಿಸೋನಿಗೆ ಪೈಲಟ್ ಸರ್ಟಿಫಿಕೇಟ್ ಬೇಕು, ಥರ್ಡ್ ಪಾರ್ಟಿ ವಿಮೆ ಬೇಕು. ಗೆಳೆಯನ ಹತ್ರ ಎಲ್ಲಾ ಕಾಗದ ಇತ್ತು. ಆದರೆ "ಇನ್ನೊಂದೇ ರೌಂಡ್" ಅನ್ನೋರನ್ನ ತಡೆಯೋ ಕಾಗದ ಯಾವುದೂ ಇಲ್ಲ.

ಈಗ ನಾವು ಏನು ಮಾಡ್ತೀವಿ? ಇಂಥ ಇಂಜಿನ್ ಇಟ್ಕೊಂಡಿರೋರು ಬೇಕಾದ್ರೆ ಬರ್ಕೊಳ್ಳಿ. ಒಂದು, ಪ್ಲಗ್ಗಿಗೆ ವೈರ್ ಹಚ್ಚೋ ಮೊದಲು ಕೆಳಗಿನ ಎರಡು ಸಿಲಿಂಡರಿನ ಪ್ಲಗ್ ಬಿಚ್ಚಿ ಎಣ್ಣೆ ಸುರೀತೀವಿ, ಪ್ರೊಪೆಲ್ಲರನ್ನ ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸ್ತೀವಿ. ಬಿಗಿ ಅನ್ನಿಸಿದ್ರೆ ಅಲ್ಲೇ ನಿಲ್ಲಿಸ್ತೀವಿ. ಎರಡು, ಐದೂ ಪ್ಲಗ್ಗಿಗೆ ವಿಮಾನದಲ್ಲೇ ಬ್ಯಾಟರಿ ಇಟ್ಟಿದ್ದೀವಿ, ಥ್ರಾಟಲ್ ಇಳಿಸಿದಾಗ ಅದೇ ಪ್ಲಗ್ ಬಿಸಿ ಇಡ್ತದೆ. ಮೂರು, ಹಾರೋ ಮೊದಲು ನಿಧಾನ ವೇಗದಲ್ಲಿ ಎರಡು ನಿಮಿಷ ಓಡಿಸಿ ಐದಕ್ಕೂ ನೀರಿನ ಹನಿ ಪರೀಕ್ಷೆ. ಪೂರ್ತಿ ವೇಗದಲ್ಲಿ ಚೆನ್ನಾಗಿದೆ ಅನ್ನೋದು ಪುರಾವೆ ಅಲ್ಲ. ನಾಲ್ಕು, ಸುತ್ತಲಿನ ಹೊಲದಲ್ಲಿ ಜನ ಇದ್ರೆ ಆವತ್ತು ಹಾರಿಸೋದಿಲ್ಲ. ಐದು, ನಮ್ಮಲ್ಲಿ ಯಾರೇ ಒಬ್ಬರು "ಇಳಸು" ಅಂದ್ರೆ ಕಾರಣ ಕೇಳದೆ ಇಳಿಸೋದು. ಕಾರಣ ನೆಲಕ್ಕೆ ಬಂದ ಮೇಲೆ.

ರೆಕ್ಕೆ ಮತ್ತೆ ಕಟ್ಟಿ ಆಯ್ತು. ಮಳೆ ಮುಗಿದು ಹೊಲ ಖಾಲಿ ಆದ ಮೇಲೆ ಮತ್ತೆ ಹಾರಿಸ್ತೀವಿ. ಭಾನುವಾರ ಭಾನುವಾರ ಇಂಜಿನ್ನನ್ನ ಸ್ಟ್ಯಾಂಡಿನ ಮೇಲೆ ಓಡಿಸ್ತೀವಿ. ಅಪ್ಪ ಒಂದು ಪ್ಲಗ್ಗಿನ ವೈರ್ ಕಿತ್ತು, ನನ್ನ ಬೆನ್ನು ತಿರುಗಿಸಿ ನಿಲ್ಲಿಸಿ, "ಯಾವುದು ಹೇಳು" ಅಂತಾರೆ. ಯಾವುದು ಅಂತ ನನಗೆ ಇನ್ನೂ ಗೊತ್ತಾಗೋದಿಲ್ಲ. ಒಂದು ಹೋಗಿದೆ ಅನ್ನೋದು ಮಾತ್ರ ಈಗ ಹತ್ತಕ್ಕೆ ಆರು ಸಲ ಗೊತ್ತಾಗ್ತದೆ.

ಆವತ್ತಿನ ರೆಕಾರ್ಡಿಂಗ್ ಈ ಸಂಚಿಕೆಯಲ್ಲಿ ಹಾಕ್ತೀನಿ ಅಂದ್ಕೊಂಡಿದ್ದೆ. ಕೇಳಿ ನೋಡಿದೆ. ಇಂಜಿನ್ ಸದ್ದು ಚೆನ್ನಾಗೇ ಬಂದಿದೆ. ಅದರ ನಡುವೆ ಅಪ್ಪನ "ಇಳಸ್ರಿ" ಅನ್ನೋದೂ ಸ್ಪಷ್ಟವಾಗಿ ಬಂದಿದೆ, ಅದರ ಹಿಂದೆಯೇ ನನ್ನ ದನಿ. ಹಾಕಲಿಲ್ಲ.